ಆಣೆ ಬೇಡದ ಮಾತು

ಸೊರಬ, ಸಾಗರದ ಕಡೆ ಅಡಿಕೆ ತೋಟಗಳ ಬೇಲಿಯಲ್ಲಿ ಅಲ್ಲಲ್ಲಿ ಸಣ್ಣ ಬೋರ್ಡು ಕಾಣುತ್ತದೆ: ಇಲ್ಲಿಗೆ ಸಿಗಂದೂರು ಚೌಡೇಶ್ವರಿಯ ಕಾವಲಿದೆ ಎಂದು. ಬೇಲಿ ಹಾರಲು ಬಂದವನು ತಾಯಿಗೆ ಹೆದರಿ ಹಿಂದೆ ಸರಿಯುತ್ತಾನೆಂಬ ನಂಬಿಕೆ. ತಗಾದೆ ಬಗೆಹರಿಯದಿದ್ದಾಗ ‘ಧರ್ಮಸ್ಥಳಕ್ಕೆ ಬಾ, ಆಣೆ ಮಾಡು’ ಎನ್ನುವುದೂ ಇದೇ ಜಾಡಿನ ಮಾತು. ಇದನ್ನು ಹಗುರವಾಗಿ ಕಾಣಬೇಕಿಲ್ಲ. ಪೊಲೀಸು, ಕೋರ್ಟು ಮುಟ್ಟದ ಕಡೆಯೂ ದೇವರ ಭಯ ಮುಟ್ಟುತ್ತದೆ. ಆದರೆ ಬೋರ್ಡಿಲ್ಲದ ತೋಟದಲ್ಲಿ, ಆಣೆಯಿಡದ ಮಾತಿನಲ್ಲಿ ಮನುಷ್ಯ ಹೇಗಿರಬೇಕು?

ಪ್ರಾಮಾಣಿಕತೆಯ ಬಗ್ಗೆ ಕ್ರೈಸ್ತ ಚಿಂತನೆ ಕೈ ಹಾಕುವುದು ಇಲ್ಲಿಗೇ. ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಯೇಸು ಆಣೆಯನ್ನೇ ಬೇಡವೆನ್ನುತ್ತಾರೆ. ಹೌದು, ಅಲ್ಲ ಎಂಬೆರಡೇ ಸಾಕು. ಆ ಕಾಲದವರು ಆಣೆಗಳಲ್ಲೂ ಮೇಲು ಕೀಳು ಮಾಡಿಕೊಂಡಿದ್ದರು. ದೇವಾಲಯದ ಮೇಲಿಟ್ಟ ಆಣೆ ತಪ್ಪಿದರೆ ನಡೆಯುತ್ತದೆ, ದೇವಾಲಯದ ಚಿನ್ನದ ಮೇಲಿಟ್ಟದ್ದು ಮಾತ್ರ ಕಟ್ಟುತ್ತದೆ ಎಂಬಂಥ ಲೆಕ್ಕ. ಸುಳ್ಳಿಗೆ ಸಂದು ಉಳಿಸಿಕೊಳ್ಳುವ ಜಾಣತನ ಇದು. ಯೇಸುವಿನ ತರ್ಕ ಸರಳ: ಆಕಾಶ ದೇವರ ಸಿಂಹಾಸನ, ಭೂಮಿ ಆತನ ಪಾದಪೀಠ. ಹಾಗಿದ್ದ ಮೇಲೆ ಆತನ ಕಿವಿಗೆ ಬೀಳದ ಮಾತು ಯಾವುದು? ದೇವರನ್ನು ಸಾಕ್ಷಿಗೆ ಕರೆಯಬೇಕಾಗಿಲ್ಲ, ಆತ ಮೊದಲೇ ಅಲ್ಲಿದ್ದಾನೆ. ಮಾತಿನಲ್ಲಿ ಪವಿತ್ರವಾದದ್ದೊಂದು, ಸಾಧಾರಣವಾದದ್ದೊಂದು ಎಂಬ ವಿಂಗಡಣೆಯೇ ಅಳಿಯುತ್ತದೆ. ಕ್ರೈಸ್ತರು ಪ್ರಾಮಾಣಿಕತೆ ಎನ್ನುವಾಗ ಸುಳ್ಳಾಡದಿರುವುದಕ್ಕಿಂತ ಹೆಚ್ಚಾಗಿ ಈ ಒಡಕಿಲ್ಲದ ಬಾಳನ್ನೇ ಉದ್ದೇಶಿಸುತ್ತಾರೆ.

ನಡೆ ನುಡಿ ಒಂದಾಗಬೇಕೆಂಬುದು ಬಳ್ಳಿಗಾವಿಯ ಅಲ್ಲಮ, ಉಡುತಡಿಯ ಅಕ್ಕ ಹುಟ್ಟಿದ ಶಿಕಾರಿಪುರ ಸೀಮೆಗೆ ಹೊಸದಲ್ಲ. ಈ ಭಾಗದ ಕಥೋಲಿಕರು 1988ರಲ್ಲಿ ಆದ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದವರು. ಬೇರೆ ಸಭೆಗಳವರನ್ನು ಸೇರಿಸಿಕೊಂಡರೂ ಇಲ್ಲಿ ಕ್ರೈಸ್ತರ ಸಂಖ್ಯೆ ಕಡಿಮೆಯೇ. ಅವರ ಪೂಜೆ ಪ್ರಾರ್ಥನೆಯನ್ನು ಊರು ನೋಡುವುದು ಅಪರೂಪ, ನೋಡುವುದು ವ್ಯವಹಾರವನ್ನು. ಅಡಿಕೆ ಫಸಲಿನ ಗುತ್ತಿಗೆಯಾದ ಚೇಣಿಯನ್ನೇ ತೆಗೆದುಕೊಳ್ಳಿ. ಒಂದು ಕ್ವಿಂಟಲ್ ಹಸಿ ಅಡಿಕೆಗೆ ಇಷ್ಟು ಕಿಲೋ ಒಣ ಅಡಿಕೆ ಕೊಡುತ್ತೇನೆಂದು ಚೇಣಿದಾರ ಒಪ್ಪಿ ಕೊನೆ ಇಳಿಸುತ್ತಾನೆ. ಎಷ್ಟೋ ಸಲ ಕಾಗದವಿರುವುದಿಲ್ಲ, ಬಾಯಿಮಾತೇ ಕರಾರು. ಯೇಸು ಹೇಳಿದ ಹೌದು, ಅಲ್ಲ ಎಂಬ ಆ ಎರಡು ಪದಗಳ ಪರೀಕ್ಷೆ ನಡೆಯುವುದು ಅಲ್ಲಿ.

ಆಣೆ ಬೇಡವೆಂಬುದನ್ನು ಎಲ್ಲರೂ ಒಂದೇ ರೀತಿ ಅರ್ಥ ಮಾಡಿಕೊಳ್ಳಲಿಲ್ಲ. ಕಥೋಲಿಕರು, ಲೂಥರನ್ನರು ನ್ಯಾಯಾಲಯದ ಪ್ರಮಾಣವನ್ನು ಒಪ್ಪಿದರು. ಇಂಗ್ಲೆಂಡಿನ ಕ್ವೇಕರ್ ಪಂಥದ ಕ್ರೈಸ್ತರು ಒಪ್ಪದೆ ಜೈಲಿಗೆ ಹೋದರು. 1696ರಲ್ಲಿ ಅಲ್ಲಿನ ಪಾರ್ಲಿಮೆಂಟು ಅವರಿಗೆ ಪ್ರಮಾಣದ ಬದಲು ದೃಢೀಕರಣಕ್ಕೆ ಅವಕಾಶ ಕೊಟ್ಟಿತು. ನಮ್ಮ 1969ರ ಪ್ರಮಾಣಗಳ ಅಧಿನಿಯಮದಲ್ಲೂ ಸಾಕ್ಷಿ ದೇವರ ಹೆಸರೆತ್ತದೆ ದೃಢೀಕರಿಸಬಹುದು.

ಹಾಗಾದರೆ ಸತ್ಯವೆಂದರೆ ಕೇಳಿದ್ದಕ್ಕೆಲ್ಲ ಇದ್ದದ್ದನ್ನು ಇದ್ದ ಹಾಗೆ ಒದರುವುದೇ? ಸಂತ ಅಗಸ್ಟೀನರು ಯಾವ ಸುಳ್ಳಿಗೂ ಮಾಫಿ ಕೊಡಲಿಲ್ಲ. ಹಿಟ್ಲರನ ಸೆರೆಮನೆಯಲ್ಲಿದ್ದ ಜರ್ಮನ್ ಪಾದ್ರಿ ಡೀಟ್ರಿಶ್ ಬೊನ್ಹೋಫರ್ ಬೇರೆ ಮಾತು ಹೇಳಿದರು. ನಿನ್ನಪ್ಪ ಕುಡಿದು ಬರುತ್ತಾನಾ ಎಂದು ಮೇಷ್ಟ್ರು ತರಗತಿಯೆದುರು ಕೇಳಿದರೆ, ಬರುವುದು ನಿಜವಾಗಿದ್ದರೂ ಮಗು ಇಲ್ಲವೆನ್ನುತ್ತದೆ. ಮನೆಯ ಮಾನ ಕಾಯುವ ಆ ಉತ್ತರ ಸುಳ್ಳೇ ಆದರೂ, ತಪ್ಪು ಕೇಳಬಾರದ್ದನ್ನು ಕೇಳಿದವರದೇ ಎಂಬುದು ಅವರ ವಾದ. ನನಗೆ ಇದೇ ಒಪ್ಪಿಗೆ. ಆದರೆ ಅಡಿಕೆ ತೂಗುವಾಗ ಬೊನ್ಹೋಫರನ್ನು ನೆನೆಸಿಕೊಂಡು ಸಬೂಬು ಹೇಳುವಂತಿಲ್ಲ.

ಬೈಬಲ್ಲಿನಲ್ಲಿ ಆಣೆಯಿಟ್ಟು ಸುಳ್ಳಾಡಿದವನು ಹೊರಗಿನವನಲ್ಲ, ಯೇಸುವಿನ ಶಿಷ್ಯ ಪೇತ್ರ. ಯೇಸುವನ್ನು ಅರಿಯೆ ಎಂದು ಮೊದಲು ಬರಿಬಾಯಲ್ಲಿ ಹೇಳಿದ. ನಂಬಲಾರರು ಅನ್ನಿಸಿದಾಗ ಆಣೆ ಇಟ್ಟ, ಮೂರನೆಯ ಸಲ ಶಪಿಸಿಕೊಂಡ. ಅದೇ ಪೇತ್ರನಿಗೆ ಮುಂದೆ ಸಭೆಯನ್ನು ಮೇಯಿಸುವ ಹೊಣೆ ಸಿಕ್ಕಿತು. ಒಡೆದದ್ದನ್ನು ಕೂಡಿಸುವುದು ಕೃಪೆ ಎಂದು ಕ್ರೈಸ್ತರು ನಂಬುವುದು ಹೀಗೆ.

ಕೃಪೆಯೆಂದರೆ ಲೆಕ್ಕ ಮನ್ನಾ ಅಲ್ಲ. ತಾನಾಗಿ ತಪ್ಪೊಪ್ಪಿಕೊಂಡವನು ಅಸಲಿನ ಮೇಲೆ ಐದನೇ ಒಂದು ಪಾಲು ಸೇರಿಸಿ ಕೊಟ್ಟರೆ ಮೋಶೆಯ ಧರ್ಮಶಾಸ್ತ್ರಕ್ಕೆ ಸಾಕಿತ್ತು. ಬೈಬಲ್ಲಿನ ಸುಂಕದ ಅಧಿಕಾರಿ ಜಕ್ಕಾಯನಾದರೋ ತಾನು ವಂಚಿಸಿದವರಿಗೆ ನಾಲ್ಕರಷ್ಟು ಕೊಡುತ್ತೇನೆಂದ. ಚೇಣಿಯಲ್ಲಿ ತೂಕ ಇಳಿಸಿದವನು ಭಾನುವಾರ ಕಣ್ಣೀರಿಟ್ಟರೆ ಮುಗಿಯಲಿಲ್ಲ. ಸೋಮವಾರ ಕಡಿಮೆ ಬಿದ್ದ ಅಡಿಕೆಯ ಚೀಲ ಹೊತ್ತು ತೋಟದವರ ಮನೆಗೆ ಹೋಗಬೇಕು.