ಪಕ್ಕದ ಮನೆಯ ವೈಫೈ: ತಪ್ಪೆಷ್ಟು, ಅಪರಾಧವೆಷ್ಟು?

ಅಡಿಕೆ ಕದ್ದರೂ ಕಳ್ಳ, ಆನೆ ಕದ್ದರೂ ಕಳ್ಳ ಎನ್ನುತ್ತದೆ ನಮ್ಮ ಗಾದೆ. ಕಳ್ಳತನದಲ್ಲಿ ಸಣ್ಣದು ದೊಡ್ಡದು ಎಂಬುದಿಲ್ಲ ಎಂದು ಅದರ ತಾತ್ಪರ್ಯ. ಆದರೆ ಗಾದೆ ಕಟ್ಟಿದವರು ಒಂದು ಮಾತನ್ನು ಹೇಳದೆಯೇ ಒಪ್ಪಿಕೊಂಡಿದ್ದರು. ಕದ್ದ ಮೇಲೆ ಅಡಿಕೆಯಾಗಲಿ ಆನೆಯಾಗಲಿ ಒಡೆಯನ ಬಳಿ ಇರುವುದಿಲ್ಲ. ಕದ್ದ ಮೇಲೂ ಒಡೆಯನ ಬಳಿಯೇ ಉಳಿಯುವ ವಸ್ತುವಾದರೆ? ಪಕ್ಕದ ಮನೆಯ ವೈಫೈಗೆ ಫೋನು ಜೋಡಿಸಿಕೊಂಡು ಹುಡುಗನೊಬ್ಬ ರಾತ್ರಿ ಎರಡು ಗಂಟೆ ಪಾಠದ ವಿಡಿಯೊ ನೋಡುತ್ತಾನೆ. ಬೆಳಿಗ್ಗೆ ಆ ಮನೆಯ ಇಂಟರ್ನೆಟ್ ಎಂದಿನಂತೆ ಇದೆ. ಹಾಗಾದರೆ ಕಳುವಾದದ್ದೇನು? ಅವನನ್ನು ಅಪರಾಧಿ ಎನ್ನಬಹುದೇ, ಎನ್ನಬೇಕೇ?

ಕೈಗೆ ಸಿಗದ ವಸ್ತುವಿನ ಮುಂದೆ ಕಾನೂನು ತಡವರಿಸಿರುವುದು ಇದೇ ಮೊದಲಲ್ಲ. 1899ರಲ್ಲಿ ಜರ್ಮನಿಯ ಸರ್ವೋಚ್ಚ ನ್ಯಾಯಾಲಯ, ವಿದ್ಯುತ್ ಎಂಬುದು ‘ವಸ್ತು’ವೇ ಅಲ್ಲ, ಆದ್ದರಿಂದ ಅದನ್ನು ಕದ್ದವನನ್ನು ಕಳ್ಳನೆಂದು ಶಿಕ್ಷಿಸಲಾಗದು ಎಂದಿತು. ಮರುವರ್ಷವೇ ಅಲ್ಲಿ ಪ್ರತ್ಯೇಕ ಕಾಯ್ದೆ ಬಂತು. ನಮ್ಮ ಹಳೆಯ ದಂಡ ಸಂಹಿತೆಯ 378ನೇ ಕಲಮಿನ ಪ್ರಕಾರ ಕಳ್ಳತನವಾಗಬೇಕಾದರೆ ಚರ ಸೊತ್ತೊಂದು ಒಬ್ಬರ ಸ್ವಾಧೀನದಿಂದ, ಅವರ ಒಪ್ಪಿಗೆಯಿಲ್ಲದೆ, ಅಪ್ರಾಮಾಣಿಕ ಉದ್ದೇಶದಿಂದ ಸರಿದಿರಬೇಕಿತ್ತು. ವಿದ್ಯುತ್ ಈ ಅಳತೆಗೆ ಹೊಂದುವುದಿಲ್ಲವೆಂದೇ 1910ರ ವಿದ್ಯುತ್ ಕಾಯ್ದೆಯಲ್ಲಿ, ಅದನ್ನು ಕದಿಯುವುದನ್ನೂ ‘ಕಳ್ಳತನವೆಂದು ಭಾವಿಸತಕ್ಕದ್ದು’ ಎಂದು ಬರೆಯಬೇಕಾಯಿತು. 1964ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ವಿವರಿಸಿತು: ವಿದ್ಯುತ್ ಕಳವು ಕಳ್ಳತನವಾಗುವುದು ದಂಡ ಸಂಹಿತೆಯಿಂದಲ್ಲ, ಆ ಕಾಯ್ದೆಯ ಕಲ್ಪನೆಯಿಂದ.

ವಿದ್ಯುತ್ತಿನ ವಿಷಯದಲ್ಲಿ ಆ ಕಲ್ಪನೆಗೆ ಆಧಾರವಿದೆ. ಸುಟ್ಟ ಯೂನಿಟ್ ಮರಳಿ ಬರುವುದಿಲ್ಲ, ಬಿಲ್ಲನ್ನು ಯಾರಾದರೂ ಕಟ್ಟಲೇಬೇಕು. ಇಂಟರ್ನೆಟ್ ಕೂಡ ಒಂದು ಕಾಲಕ್ಕೆ ಹಾಗೆಯೇ ಇತ್ತು. ಫೋನಿನ ತಂತಿಗೆ ಮೋಡೆಮ್ ಸಿಕ್ಕಿಸಿಕೊಳ್ಳುತ್ತಿದ್ದ ದಿನಗಳಲ್ಲಿ ಅದನ್ನು ಗಂಟೆಗಳ ಲೆಕ್ಕದಲ್ಲಿ ಕೊಳ್ಳಬೇಕಿತ್ತು. 2000ದ ಮೇ ತಿಂಗಳಲ್ಲಿ ದೆಹಲಿಯ ಸೇನಾಧಿಕಾರಿಯೊಬ್ಬರು ತಾವು ದುಡ್ಡು ಕೊಟ್ಟು ಕೊಂಡಿದ್ದ ಗಂಟೆಗಳನ್ನು ಬೇರೆ ಯಾರೋ ಬಳಸಿದ್ದಾರೆಂದು ದೂರಿತ್ತರು. ಅವರ ಮನೆಗೆ ಸಂಪರ್ಕ ಅಳವಡಿಸಲು ಬಂದಿದ್ದ ಎಂಜಿನಿಯರ್ ಅದೇ ಲಾಗಿನ್ ಹೆಸರು, ಪಾಸ್‌ವರ್ಡ್ ಬಳಸಿದ ಎಂಬುದು ಆರೋಪ. ಮಾಹಿತಿ ತಂತ್ರಜ್ಞಾನ ಕಾಯ್ದೆ ಇನ್ನೂ ಜಾರಿಗೆ ಬಂದಿರಲಿಲ್ಲ. ಅದು ಜಾರಿಯಾದದ್ದು ಆ ವರ್ಷದ ಅಕ್ಟೋಬರ್ 17ರಂದು. ಪೊಲೀಸರು ಹಳೆಯ ಕಳ್ಳತನದ ಕಲಮಿನಡಿಯಲ್ಲೇ ಪ್ರಕರಣ ದಾಖಲಿಸಿ ಬಂಧಿಸಿದರು. ಸೊತ್ತು ‘ಚರ’ವೋ ಅಲ್ಲವೋ, ಗಂಟೆಗಳಂತೂ ಹೋಗಿದ್ದವು. ಗಾದೆಯ ಅಡಿಕೆ ಅಲ್ಲಿತ್ತು.

ಇಂದು ಬಹುಪಾಲು ಮನೆಗಳಲ್ಲಿ ತಿಂಗಳಿಗಿಷ್ಟು ಎಂಬ ನಿಗದಿತ ಬಿಲ್ಲು. ಇನ್ನೊಬ್ಬ ಬಳಸಿದನೆಂದು ಅದು ಏರುವುದಿಲ್ಲ. ಹಾಗೆಂದು ಬ್ಯಾಂಡ್‌ವಿಡ್ತ್ ಎಂಬುದು ಎಷ್ಟು ದೀಪ ಹಚ್ಚಿದರೂ ಕುಂದದ ದೀಪವೂ ಅಲ್ಲ. ಅದನ್ನು ನಾನು ಕಾಲುವೆಯ ನೀರಿಗೆ ಹೋಲಿಸುತ್ತೇನೆ. ಮೇಲ್ಭಾಗದಲ್ಲಿ ಒಂದು ಪಂಪು ಕದ್ದು ನೀರೆತ್ತಿದರೆ ಯಾರಿಗೂ ತಿಳಿಯದು; ನೂರು ಪಂಪುಗಳಾದರೆ ಕೊನೆಯ ಭಾಗದ ಗದ್ದೆ ಒಣಗುತ್ತದೆ. ರಾಯಚೂರು ಕಡೆಯ ರೈತರಿಗೆ ತುಂಗಭದ್ರಾ ಕಾಲುವೆಯ ಈ ಲೆಕ್ಕ ವಿವರಿಸಿ ಹೇಳಬೇಕಿಲ್ಲ. ಪಕ್ಕದ ಮನೆಯಾತ ನಡುರಾತ್ರಿ ಬಳಸಿದ್ದು ನನಗೆ ತಟ್ಟದು. ನನ್ನ ಮಗಳು ಆನ್‌ಲೈನ್ ಪರೀಕ್ಷೆ ಬರೆಯುವಾಗ ಅವನು ಸಿನಿಮಾ ಇಳಿಸಿಕೊಂಡರೆ ಅದು ನಷ್ಟವೇ.

ಹೊರದೇಶಗಳಲ್ಲಿ ಇಂಥ ಪ್ರಕರಣಗಳು ನ್ಯಾಯಾಲಯ ಹತ್ತಿವೆ. 2005ರಲ್ಲಿ ಲಂಡನ್ನಿನಲ್ಲಿ ಪರರ ವೈಫೈ ಬಳಸಿದವನಿಗೆ 500 ಪೌಂಡ್ ದಂಡ ಬಿತ್ತು. 2007ರಲ್ಲಿ ಸಿಂಗಪುರದಲ್ಲಿ ನೆರೆಯವರ ವೈಫೈ ಬಳಸಿದ ಹದಿನೇಳರ ಹುಡುಗನಿಗೆ 18 ತಿಂಗಳ ಪ್ರೊಬೇಷನ್. ನನ್ನನ್ನು ಹೆಚ್ಚು ಕಾಡಿದ್ದು ಅದೇ ವರ್ಷ ಅಮೆರಿಕದ ಮಿಷಿಗನ್ ರಾಜ್ಯದ ಸ್ಪಾರ್ಟಾ ಎಂಬ ಊರಲ್ಲಿ ನಡೆದದ್ದು. ಕೆಫೆಯೊಂದರ ಹೊರಗೆ ಕಾರಿನಲ್ಲಿ ಕುಳಿತು ಅದರ ವೈಫೈಯಲ್ಲಿ ಇಮೇಲ್ ನೋಡುತ್ತಿದ್ದವನಿಗೆ 400 ಡಾಲರ್ ದಂಡ, 40 ಗಂಟೆಗಳ ಸಮಾಜಸೇವೆ. ಕೆಫೆಯವರು ದೂರು ಕೊಟ್ಟಿರಲಿಲ್ಲ. ಅದು ಅಪರಾಧವೆಂಬುದೇ ಅವರಿಗೆ ತಿಳಿದಿರಲಿಲ್ಲ. ಕಳೆದುಕೊಂಡೆ ಎನ್ನುವವರೇ ಇಲ್ಲದೆಡೆ ಕಳ್ಳನನ್ನು ಹುಡುಕಿ ತಂದ ಹಾಗಾಯಿತು.

ನಮ್ಮಲ್ಲೂ ಕಾನೂನಿನ ಬಲೆ ದೊಡ್ಡದೇ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಂ ಅನುಮತಿಯಿಲ್ಲದೆ ಇನ್ನೊಬ್ಬರ ಕಂಪ್ಯೂಟರ್ ಜಾಲ ಪ್ರವೇಶಿಸುವುದಕ್ಕೆ ಪರಿಹಾರ ಕಟ್ಟಿಸುತ್ತದೆ. ಅದನ್ನೇ ಅಪ್ರಾಮಾಣಿಕವಾಗಿ ಇಲ್ಲವೇ ವಂಚನೆಯಿಂದ ಮಾಡಿದರೆ 66ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ಇನ್ನೊಬ್ಬರಿಗೆ ಅಕ್ರಮ ನಷ್ಟ ಮಾಡುವುದಷ್ಟೇ ಅಲ್ಲ, ತಾನು ಅಕ್ರಮ ಲಾಭ ಪಡೆಯಬೇಕೆಂಬ ಉದ್ದೇಶವಿದ್ದರೂ ಕಾನೂನಿನ ಮಾತಿನಲ್ಲಿ ಅದು ಅಪ್ರಾಮಾಣಿಕತೆಯೇ. ಪಾಠ ಕೇಳಿದ ಹುಡುಗ ಈ ಬಲೆಗೆ ಬೀಳಬಲ್ಲ. ಅದೇ ಕಾನೂನಿನಲ್ಲಿ ಗಾದೆಗೆ ಉತ್ತರದಂತಿರುವ ಕಲಮೂ ಒಂದಿದೆ. ಹಳೆಯ ದಂಡ ಸಂಹಿತೆಯಲ್ಲಿ 95, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 33. ಸಾಮಾನ್ಯ ವಿವೇಕದ ಯಾರೂ ದೂರದಷ್ಟು ಅಲ್ಪವಾದ ಹಾನಿ ಅಪರಾಧವಲ್ಲ ಎನ್ನುತ್ತದೆ ಅದು. ಆನೆ ಕದ್ದವನನ್ನು ಹಿಡಿ, ಅಡಿಕೆ ಚೂರಿಗೆ ಕೋರ್ಟು ಕಟ್ಟೆ ಏರಬೇಡ ಎಂದ ಹಾಗೆ.

ಇಷ್ಟಾದರೂ ಮನಸ್ಸು ಸಮಾಧಾನವಾಗುವುದಿಲ್ಲ. ಹಿಂದೊಮ್ಮೆ ನಮ್ಮ ಮನೆಯ ರೌಟರಿನ ಪಟ್ಟಿಯಲ್ಲಿ ಗುರುತಿಲ್ಲದ ಫೋನೊಂದು ಕಾಣಿಸಿತು. ವಿಚಾರಿಸಿದರೆ, ಬಂದುಹೋಗುವ ಯಾರಿಗೋ ಕೊಟ್ಟ ಪಾಸ್‌ವರ್ಡ್ ಕೈಯಿಂದ ಕೈಗೆ ದಾಟಿ ಕೆಳಗಿನ ಪಿ.ಜಿ.ಯ ಹುಡುಗನವರೆಗೆ ಹೋಗಿತ್ತು. ಬಿಲ್ಲಿನಲ್ಲಿ ಒಂದು ರೂಪಾಯಿಯೂ ಹೆಚ್ಚಾಗಿರಲಿಲ್ಲ. ಸಿಟ್ಟು ಮಾತ್ರ ಬಂದಿತ್ತು. “ಒಂದು ಮಾತು ಕೇಳಬಹುದಿತ್ತಲ್ಲಪ್ಪ” ಎಂದೆ. ಅವನು ತಲೆ ತಗ್ಗಿಸಿ, “ಕೇಳಿದ್ರೆ ಕೊಡ್ತಿದ್ರಾ ಸರ್?” ಎಂದ. ಕೊಡುತ್ತಿದ್ದೆನೋ ಇಲ್ಲವೋ, ಥಟ್ಟನೆ ಹೇಳಲು ನನಗಾಗಲಿಲ್ಲ. ಆದರೆ ನನ್ನಿಂದ ಹೋದದ್ದೇನೆಂದು ಆ ಪ್ರಶ್ನೆಯಿಂದಲೇ ತಿಳಿಯಿತು. ಕೊಡುವ ಅಥವಾ ಕೊಡದಿರುವ ಮಾತು ನನ್ನದಾಗಿತ್ತು. ಅದನ್ನು ಅವನು ನನ್ನ ಪರವಾಗಿ ತಾನೇ ಆಡಿಬಿಟ್ಟಿದ್ದ.

ಜೈನರು ಕಳ್ಳತನಕ್ಕೆ ಬಳಸುವ ಒಂದು ಪದ ಇಲ್ಲಿ ನೆರವಿಗೆ ಬರುತ್ತದೆ: ಅದತ್ತಾದಾನ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಎಂದರ್ಥ. ದಂಡ ಸಂಹಿತೆ ಸೊತ್ತು ಸರಿಯಿತೇ ಎಂದು ನೋಡಿದರೆ, ಈ ಪದ ಕೊಟ್ಟರೇ ಎಂದು ಕೇಳುತ್ತದೆ. ಬೇಸಿಗೆಯಲ್ಲಿ ದಾರಿಬದಿಯ ಅರವಟ್ಟಿಗೆಯ ನೀರನ್ನು ಯಾರೂ ಕೇಳಿ ಕುಡಿಯಬೇಕಿಲ್ಲ, ಅದು ಮೊದಲೇ ಕೊಟ್ಟದ್ದು. ಹಿತ್ತಲ ಬಾವಿಗೆ ಬೀಗವಿರುವುದಿಲ್ಲ, ಆದರೂ ಅದು ಅರವಟ್ಟಿಗೆಯಲ್ಲ. ರೈಲು ನಿಲ್ದಾಣದ ಉಚಿತ ವೈಫೈ ಅರವಟ್ಟಿಗೆ. ಪಾಸ್‌ವರ್ಡ್ ಹಾಕಲು ಮರೆತ ಮನೆಯ ವೈಫೈ ಹಿತ್ತಲ ಬಾವಿ. ತೆರೆದಿದೆ ಎಂಬುದು ಕೊಟ್ಟಿದ್ದಾರೆ ಎಂಬುದಕ್ಕೆ ಸಾಕ್ಷಿಯಾಗದು.

ಬಾವಿಯ ಹೋಲಿಕೆಗೆ ನಿಲುಕದ ಇನ್ನೊಂದು ಸಂಗತಿಯಿದೆ. ನನ್ನ ಸಂಪರ್ಕ ಬಳಸಿದವನು ನನ್ನ ಹೆಸರನ್ನೂ ಬಳಸುತ್ತಾನೆ. 2008ರ ಜುಲೈ 26ರಂದು ಅಹಮದಾಬಾದಿನ ಸರಣಿ ಸ್ಫೋಟಕ್ಕೆ ಕೆಲವೇ ನಿಮಿಷ ಮೊದಲು ಬಂದ ಬೆದರಿಕೆಯ ಇಮೇಲ್, ನವಿ ಮುಂಬೈಯಲ್ಲಿದ್ದ ಅಮೆರಿಕದ ಪ್ರಜೆಯೊಬ್ಬರ ಮನೆಯ ವೈಫೈ ಮೂಲಕ ಹೋಗಿತ್ತು. ಪೊಲೀಸರು ಮೊದಲು ಬಾಗಿಲು ತಟ್ಟಿದ್ದು ಅವರದನ್ನೇ. ತಮ್ಮದಲ್ಲದ ಕೃತ್ಯಕ್ಕೆ ಅವರು ವಿಚಾರಣೆ ಎದುರಿಸಬೇಕಾಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಇನ್ನೊಂದು ಗಾದೆ ಇಲ್ಲಿ ತಿರುಗಿ ನಿಲ್ಲುತ್ತದೆ: ಅಡಿಕೆ ತಿಂದವನೊಬ್ಬ, ಮಾನ ಹೋಗುವುದು ಇನ್ನೊಬ್ಬನದು.

ಆದ್ದರಿಂದ ನನ್ನ ನಿಲುವು ಇಷ್ಟು. ಬರಿಯ ಬಳಕೆಯನ್ನು ಅಪರಾಧವೆನ್ನಬಾರದು. ಅದು ತಪ್ಪು, ನೆರೆಹೊರೆಯ ಮಾತಿನಲ್ಲಿ, ಒಂದು ಪಾಸ್‌ವರ್ಡ್ ಬದಲಾವಣೆಯಲ್ಲಿ ತೀರಬೇಕಾದ ತಪ್ಪು. ಅಳತೆಯಿರುವ ಡೇಟಾ ಖರ್ಚಾಗಿದ್ದರೆ ಹಣ ಕಟ್ಟಿಕೊಡಲಿ. ಪಾಸ್‌ವರ್ಡ್ ಒಡೆದು ಒಳನುಗ್ಗಿದವನನ್ನು, ಇನ್ನೊಬ್ಬರ ಹೆಸರಿನ ಮರೆಯಲ್ಲಿ ದುಷ್ಕೃತ್ಯ ನಡೆಸಿದವನನ್ನು ಕಾನೂನು ಬಿಡಬಾರದು. ಅಲ್ಲಿ ಕಳುವಾಗುವುದು ಬ್ಯಾಂಡ್‌ವಿಡ್ತ್ ಅಲ್ಲ.

ಕೊಡುವವರ ಪಾಲಿನ ಮಾತೂ ಉಳಿದಿದೆ. 2018ರಲ್ಲಿ ಎರ್ನಾಕುಲಂ ನಿಲ್ದಾಣದ ಹಮಾಲಿಯೊಬ್ಬರು ಅಲ್ಲಿನ ಉಚಿತ ವೈಫೈಯಲ್ಲೇ ಪಾಠ ಕೇಳಿ ಕೇರಳ ಲೋಕಸೇವಾ ಆಯೋಗದ ಲಿಖಿತ ಪರೀಕ್ಷೆ ಗೆದ್ದರು. 2019ರಲ್ಲಿ ಕೇರಳ ಹೈಕೋರ್ಟ್ ಇಂಟರ್ನೆಟ್ ಬಳಕೆಯನ್ನು ಶಿಕ್ಷಣದ ಹಕ್ಕಿನ ಭಾಗವೆಂದಿತು. ಟೀ ಅಂಗಡಿ, ದಿನಸಿ ಅಂಗಡಿಗಳಲ್ಲೂ ವೈಫೈ ಸಿಗುವಂತೆ ಮಾಡುವ ಪಿಎಂ-ವಾಣಿ ಯೋಜನೆಗೆ 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಇಂಟರ್ನೆಟ್ ಹಕ್ಕಾಗಿದ್ದರೆ ಅದನ್ನು ಕೊಡಬೇಕಾದವರು ನೆರೆಯವರಲ್ಲ, ಸಮಾಜ. ಅರವಟ್ಟಿಗೆಗಳು ಸಾಕಷ್ಟಿರುವ ಊರಿನಲ್ಲಿ ಹಿತ್ತಲ ಬಾವಿಗೆ ಕದ್ದು ಇಳಿಯುವವರು ಕಡಿಮೆ. ಅವು ಇಲ್ಲದ ಊರಿನಲ್ಲಿ, ಕೇಳದೆ ನೀರು ಸೇದಿದವನಿಗೆ ಮೂರು ವರ್ಷದ ಜೈಲು ತೋರಿಸುವ ಮೊದಲು, ಕೇಳಿಕೊಂಡು ಬರುವವನಿಗೆ ನಾವು ಎಷ್ಟು ಸಲ ಬಾಗಿಲು ತೆರೆದಿದ್ದೇವೆ ಎಂದು ಎಣಿಸಿಕೊಳ್ಳುವುದು ಒಳ್ಳೆಯದು.