ಛಾಯಾಗ್ರಾಹಕನ ಧರ್ಮ

ಮನುಷ್ಯನ ವಿನೋದಗಳಲ್ಲಿ ಕೆಲವು ಪರಪೀಡೆಯಿಂದ ಕೂಡಿರುತ್ತವೆ, ಕೆಲವು ನಿರ್ದೋಷವಾಗಿರುತ್ತವೆ. ಬೇಟೆಯು ಮೊದಲನೆಯ ವರ್ಗಕ್ಕೆ ಸೇರಿದುದೆಂಬುದು ನಿರ್ವಿವಾದ. ಛಾಯಾಚಿತ್ರ ತೆಗೆಯುವುದು ಎರಡನೆಯದಕ್ಕೆ ಸೇರಿದುದೆಂದು ನಾವೆಲ್ಲರೂ ನಂಬಿದ್ದೇವೆ. ಈ ನಂಬಿಕೆಯು ಎಷ್ಟರಮಟ್ಟಿಗೆ ಸರಿಯೆಂಬುದನ್ನು ವಿಚಾರಿಸತಕ್ಕದ್ದಾಗಿದೆ.

ನಂಬಿಕೆಯು ನಿರಾಧಾರವಾದುದಲ್ಲ. ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯು. ಚಾಂಪಿಯನ್ ಎಂಬವರು ಕೋವಿಯನ್ನು ಬದಿಗಿಟ್ಟು, ಕಾಡುದಾರಿಯಲ್ಲಿ ತಂತಿಯನ್ನು ಕಟ್ಟಿ, ಹುಲಿಯ ಕಾಲು ತಗುಲಿದಾಗ ತಾನಾಗಿಯೇ ಚಿತ್ರವು ಮೂಡುವಂತೆ ಕ್ಯಾಮೆರಾವನ್ನು ಅಳವಡಿಸಿದರು. 1927ರಲ್ಲಿ ಆ ಚಿತ್ರಗಳ ಗ್ರಂಥವನ್ನು ಪ್ರಕಟಿಸಿದರು. ನಮ್ಮ ನಾಡಿನಲ್ಲಿ ಸಂಡೂರಿನ ಎಂ. ವೈ. ಘೋರ್ಪಡೆಯವರೂ ಬೆಂಗಳೂರಿನ ಟಿ. ಎನ್. ಎ. ಪೆರುಮಾಳರೂ ಈ ಕಲೆಯಲ್ಲಿ ಕೀರ್ತಿಯನ್ನು ಪಡೆದರು. ಕೋವಿಯ ಸ್ಥಾನಕ್ಕೆ ಕ್ಯಾಮೆರಾ ಬಂದುದು ಲೋಕಕ್ಕೆ ಲಾಭವೇ ಸರಿ.

ಆದರೆ ಶಾಕುಂತಲದ ಮೊದಲನೆಯ ಅಂಕವನ್ನು ವಾಚಕರು ಸ್ಮರಿಸಬೇಕು. ರಥದಲ್ಲಿ ಜಿಂಕೆಯನ್ನು ಬೆನ್ನಟ್ಟುವ ದುಷ್ಯಂತನು, ಅದು ಕೊರಳನ್ನು ಹೊರಳಿಸಿ ಹಿಂದಿರುಗಿ ನೋಡುವ ಚೆಲುವನ್ನು ವರ್ಣಿಸುತ್ತಾನೆ. ಆ ಚೆಲುವು ಭಯದಿಂದ ಹುಟ್ಟಿದುದು. ಆ ಭಯಕ್ಕೆ ಕಾರಣನು ವರ್ಣಿಸುವವನೇ. ತಪಸ್ವಿಗಳು ಬಾಣವನ್ನು ತಡೆದರು, ನಿಜ. ಭಯವನ್ನಾದರೋ ಜಿಂಕೆಯು ಆಗಲೇ ಅನುಭವಿಸಿತ್ತು. ಜೀಪಿನಿಂದ ಆನೆಯ ದಾರಿಯನ್ನು ಅಡ್ಡಗಟ್ಟಿ, ಅದು ಕೆರಳಿ ಕಿವಿಯಗಲಿಸಿದಾಗ ಚಿತ್ರವನ್ನು ತೆಗೆಯುವವನು ಬಾಣವಿಲ್ಲದ ದುಷ್ಯಂತನಲ್ಲವೆ? ಬೆಳಕಿಗಾಗಿ ಗೂಡಿನ ಮರೆಯ ಕೊಂಬೆಯನ್ನು ಕಡಿದರೆ ಮರಿಗಳು ಬಿಸಿಲಿಗೂ ಕಾಗೆಗೂ ಈಡಾಗುತ್ತವೆ. ಚಿತ್ರದಲ್ಲಿ ಆ ಕಾಗೆಯು ಕಾಣುವುದಿಲ್ಲ.

ಹಳೆಯ ಉಗಿಬಂಡಿಯ ವಿಷಯದಲ್ಲಿ ಧರ್ಮದ ಸ್ವರೂಪವೇ ಬೇರೆ. ನೀಲಗಿರಿಯ ರೈಲುಮಾರ್ಗವು 1899ರಲ್ಲಿ ಮೆಟ್ಟುಪಾಳಯದಿಂದ ಕೂನೂರಿನವರೆಗೂ, 1908ರಲ್ಲಿ ಉದಕಮಂಡಲದವರೆಗೂ ತೆರೆಯಿತು. 2005ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಕಲ್ಲಾರಿನಿಂದ ಮೇಲೆ ಹಳಿಗಳ ನಡುವಣ ಹಲ್ಲುಪಟ್ಟಿಯನ್ನು ಹಿಡಿದುಕೊಂಡು ಎಂಜಿನ್ನು ಬಂಡಿಗಳನ್ನು ಹಿಂದಿನಿಂದ ನೂಕುತ್ತ ಏರುತ್ತದೆ. ಆನೆಯು ನಮ್ಮ ನೆರವಿಲ್ಲದೆ ಬದುಕಬಲ್ಲುದು. ಎಂಜಿನ್ನಾದರೋ ಮನುಷ್ಯರ ದುಡಿಮೆಯು ನಿಂತರೆ ತುಕ್ಕುಹಿಡಿದ ಕಬ್ಬಿಣವಾಗುತ್ತದೆ. ಚಿತ್ರಕಾರನು ದಟ್ಟವಾದ ಕಪ್ಪು ಹೊಗೆಯನ್ನು ಬಯಸುತ್ತಾನೆ; ಕಲ್ಲಿದ್ದಲನ್ನು ಎಸೆಯುವವನಿಗೆ ಅದು ಇದ್ದಲು ಸರಿಯಾಗಿ ಉರಿಯದಿರುವುದರ ಗುರುತು. ಅವನ ಬೆವರನ್ನು ಮರೆತು ಹೊಗೆಯನ್ನು ಮಾತ್ರ ಮೆಚ್ಚುವುದು ಕೃತಘ್ನತೆ.

ಇಲ್ಲಿ ಒಂದು ಆಕ್ಷೇಪವುಂಟು: ಚಿತ್ರಗಳನ್ನು ನೋಡಿಯೇ ಜನರಿಗೆ ಕಾಡಿನಲ್ಲಿಯೂ ಹಳೆಯ ಬಂಡಿಯಲ್ಲಿಯೂ ಪ್ರೀತಿಯುಂಟಾಗುವುದರಿಂದ, ಅಲ್ಪ ಪೀಡೆಯು ಕ್ಷಮ್ಯವಷ್ಟೆ ಎಂದು. ಪ್ರೀತಿಯುಂಟಾಗುವುದು ದಿಟ. ಆದರೆ ಆ ಫಲಕ್ಕೆ ಪೀಡಿಸಿ ತೆಗೆದ ಚಿತ್ರವೇ ಆಗಬೇಕೆಂಬ ನಿಯಮವಿಲ್ಲ. ಪೀಡೆಯಿಲ್ಲದೆ ತೆಗೆದುದೂ ಆ ಕಾರ್ಯವನ್ನು ಮಾಡುತ್ತದೆ. ಒಂದು ಚಿತ್ರವು ತಪ್ಪಿದರೆ ಲೋಕಕ್ಕೆ ನಷ್ಟವಿಲ್ಲ. ಒಂದು ಗೂಡು ಹಾಳಾದರೆ ಆ ಹಕ್ಕಿಗೆ ಸರ್ವನಾಶ.

ಆದುದರಿಂದ ಅಪರಿಗ್ರಹವು ಕೈಗೆ ಮಾತ್ರವಲ್ಲ, ಕಣ್ಣಿಗೂ ವಿಹಿತವೆಂದು ತಿಳಿಯಬೇಕು. ಕಲ್ಲಾರಿನ ಕಾಡಿನಲ್ಲಿ ಆನೆಯೂ ಇದೆ, ಉಗಿಬಂಡಿಯೂ ಇದೆ. ಆನೆಗೆ ದಾರಿ ಬಿಡುವುದು, ಬಂಡಿಗೆ ಟಿಕೀಟು ಕೊಂಡು ಅದರ ಆಳುಗಳನ್ನು ಗೌರವದಿಂದ ಮಾತನಾಡಿಸುವುದು, ಇವೆರಡೂ ಒಂದೇ ಧರ್ಮದ ಎರಡು ಮುಖಗಳು. ಹಾಗೆ ನಡೆದವನಿಗೆ ಚಿತ್ರವು ಸಿಕ್ಕದ ದಿನವೂ ವ್ಯರ್ಥವಾಗುವುದಿಲ್ಲ.