ಗೋಡೆ ಮೇಲಿನ ಜೀನ್ಸು ಯಾರದು?

ಹೊಸ ಫ್ಲ್ಯಾಟಿಗೆ ಬಂದ ಮೇಲೆ ಹಾಲ್‌ನ ಒಂದು ಗೋಡೆ ಬೋಳುಬೋಳಾಗಿ ಕಾಣ್ತಿತ್ತು. ದೀಪಾವಳಿ ಸೇಲ್‌ನಲ್ಲಿ ಮೂರು ಪ್ರಿಂಟ್‌ಗಳ ಒಂದು ಸೆಟ್ ತಗೊಂಡೆ. ಮೊದಲನೆಯದರಲ್ಲಿ ನೀಲಿ ಪಟ್ಟಿಯ ಹವಾಯಿ ಚಪ್ಪಲಿ, ಎರಡನೆಯದರಲ್ಲಿ ಜೀನ್ಸ್ ಪ್ಯಾಂಟಿನ ಹಿಂಜೇಬು, ಮೂರನೆಯದರಲ್ಲಿ ಕೂಲಿಂಗ್ ಗ್ಲಾಸು. ಹಿನ್ನೆಲೆಗೆ ಕಡು ಗುಲಾಬಿ, ಹಳದಿ, ಗಿಳಿಹಸಿರು. ಪಾಪ್ ಆರ್ಟ್ ಅಂತಾರಲ್ಲ, ಅದು. ಕೆಫೆಗಳಲ್ಲಿ, ಕೋ-ವರ್ಕಿಂಗ್ ಆಫೀಸುಗಳಲ್ಲಿ ನೀವೂ ನೋಡಿರ್ತೀರಿ. ಮನೆಗೆ ಬಂದ ಗೆಳೆಯರೆಲ್ಲ ಚೆನ್ನಾಗಿದೆ ಅಂದರು. ಫೋಟೋಗೆ ಲೈಕೂ ಬಂತು.

ಸಂಕ್ರಾಂತಿ ಹೊತ್ತಿಗೆ ತೆಕ್ಕಲಕೋಟೆಯಿಂದ ಅವ್ವ ಮತ್ತು ಚಿಕ್ಕಮ್ಮ ಬಂದರು. ಅವ್ವ ಬ್ಯಾಗ್ ಕೆಳಗಿಡುವ ಮೊದಲೇ ಗೋಡೆ ನೋಡಿದಳು. "ಏನಲೇ ಇದು, ಕಾಲಾಗಿನ ಚಪ್ಪಲಿ ತಂದು ನೆತ್ತಿ ಮ್ಯಾಲೆ ಹಾಕೀದಿ? ದೃಷ್ಟಿಗೇನು?"

ಅವಳ ಪ್ರಶ್ನೆಯಲ್ಲಿ ತಮಾಷೆ ಇರಲಿಲ್ಲ. ನಮ್ಮ ಕಡೆ ಚಪ್ಪಲಿ ನೇತುಹಾಕುವುದು ಹೊಸದೇನಲ್ಲ. ಲಾರಿಯ ಹಿಂದೆ, ಕಟ್ಟುತ್ತಿರುವ ಮನೆಯ ಮುಂದೆ ಹಳೇ ಚಪ್ಪಲಿ ತೂಗುವುದನ್ನು ಎಲ್ಲರೂ ಕಂಡವರೇ. ಆದರೆ ಅದು ಹೊರಗೆ, ಅದೂ ಕೆಟ್ಟ ಕಣ್ಣು ತಾಗದಿರಲಿ ಅಂತ. ಒಳಗೆ, ಅಂದಕ್ಕೆ, ದುಡ್ಡು ಕೊಟ್ಟು, ಫ್ರೇಮ್ ಹಾಕಿಸಿ? ಅವ್ವನಿಗೆ ಅದು ಅರ್ಥವಾಗಲಿಲ್ಲ.

ನಾನು ಓದಿಕೊಂಡವನು, ಉತ್ತರ ರೆಡಿ ಇತ್ತು. ಅವ್ವಾ, ಅಮೆರಿಕದಲ್ಲಿ ಆಂಡಿ ವಾರ್ಹಾಲ್ ಅಂತ ಒಬ್ಬ ಇದ್ದ, 1950ರ ದಶಕದಲ್ಲಿ ಶೂ ಜಾಹೀರಾತಿಗೆ ಚಿತ್ರ ಬರೆದೇ ಹೆಸರು ಮಾಡಿದವನು. ಮುಂದೆ ಸೂಪ್ ಡಬ್ಬಿ, ಸೋಪಿನ ಡಬ್ಬಿಗಳನ್ನೇ ಗ್ಯಾಲರಿಗೆ ತಂದ. ದೇವರು, ರಾಜರು ಮಾತ್ರ ಯಾಕೆ ಗೋಡೆ ಮೇಲಿರಬೇಕು, ದಿನಾ ಬಳಸೋ ವಸ್ತು ಯಾಕಿರಬಾರದು, ಅನ್ನೋ ಪ್ರಶ್ನೆ ಅದು. ಅವಳು ಕೇಳದಿದ್ದಾಗ ನಮ್ಮದೇ ಅಸ್ತ್ರ ತೆಗೆದೆ. ಹರಳಯ್ಯನ ಕತೆ ನೀನೇ ಹೇಳಿದ್ದಲ್ಲ? ಬಸವಣ್ಣ ಎರಡು ಸಲ ಶರಣು ಅಂದದ್ದರ ಋಣ ತೀರಿಸೋಕೆ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆ ಚರ್ಮದಿಂದಲೇ ಚಮ್ಮಾವುಗೆ ಮಾಡಿ ತಂದರು. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆ ಮೇಲಿಟ್ಟುಕೊಂಡ. ಹಾಗಾದರೆ ಚಪ್ಪಲಿ ಗೋಡೆ ಮೇಲಿದ್ದರೆ ತಪ್ಪೇನು?

ಅವ್ವ ಒಂದು ಕ್ಷಣ ಸುಮ್ಮನಿದ್ದಳು. "ಅವನಿಗೆ ಯಾರು ಹೊಲಿದಿದ್ದು ಅಂತ ಗೊತ್ತಿತ್ತಪ. ನಿನಗ?"

ನಾನು ಚಹಾ ಮಾಡೋಕೆ ಅಡುಗೆಮನೆಗೆ ಹೋದೆ.

ವಾಪಸ್ ಬಂದಾಗ ಚಿಕ್ಕಮ್ಮ ಜೀನ್ಸ್ ಪ್ರಿಂಟ್‌ಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದರು. "ಜೇಬಿನ ಮೂಲಿಗೆ ಬಾರ್‌ಟ್ಯಾಕ್ ಇಲ್ಲ ಇದಕ್ಕ," ಅಂದರು. "ಎರಡು ಸಲ ಪರ್ಸ್ ಇಟ್ಟು ತೆಗದ್ರ ಕಿತ್ತು ಕೈಗೆ ಬರ್ತೈತಿ. ಹೊಲಿಗೀನೂ ಒಂದೇ ಸಾಲು. ಡಬಲ್ ಇರಬೇಕು."

ಬಳ್ಳಾರಿ ಜೀನ್ಸ್ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. ನಾವು ಮಾಲ್‌ನಲ್ಲಿ, ಸಂತೆಯಲ್ಲಿ ಕೊಳ್ಳುವ ಎಷ್ಟೋ ಜೀನ್ಸ್ ಹುಟ್ಟೋದು ಬಳ್ಳಾರಿಯ ಗಲ್ಲಿಗಳ ಯೂನಿಟ್‌ಗಳಲ್ಲಿ. ಡೆನಿಮ್ ಬಟ್ಟೆಯನ್ನು ಪದರ ಪದರವಾಗಿ ಹಾಸಿ ಒಟ್ಟಿಗೆ ಕತ್ತರಿಸುತ್ತಾರೆ. ಆಮೇಲೆ ಒಬ್ಬರು ಜೇಬು, ಒಬ್ಬರು ಜಿಪ್, ಒಬ್ಬರು ಸೊಂಟಪಟ್ಟಿ. ಹೊಲಿದದ್ದು ವಾಷಿಂಗಿಗೆ ಹೋಗಿ, ಬಣ್ಣ ಬಿಟ್ಟು, 'ಹಳೇದರಂತೆ' ಆಗಿ ಬರುತ್ತೆ. ಕೊನೆಗೆ ದಾರದ ತುದಿ ಕತ್ತರಿಸುವ ಕೆಲಸ ಎಷ್ಟೋ ಸಲ ಮನೆಮನೆಯ ಹೆಂಗಸರ ಕೈಗೆ. ಕೂಲಿ ಪೀಸ್ ಲೆಕ್ಕ. ಒಂದು ಪ್ಯಾಂಟ್ ಹತ್ತಾರು ಕೈ ದಾಟಿರುತ್ತೆ, ಪೂರ್ತಿ ಪ್ಯಾಂಟನ್ನು ತಾನೇ ಹೊಲಿದೆ ಅನ್ನುವವರು ಸಿಗೋದು ಕಷ್ಟ.

ಚಿಕ್ಕಮ್ಮ ಅಂಥದ್ದೊಂದು ಯೂನಿಟ್‌ನಲ್ಲಿ ಕೆಲಸ ಮಾಡ್ತಿದ್ದರು ಅಂತ ನನಗೆ ಗೊತ್ತಿತ್ತು. ನನ್ನ ಕಾಲೇಜಿನ ಎರಡು ವರ್ಷದ ಫೀಸ್ ಅವರದೇ ದುಡ್ಡು. ಆದರೆ ಅಲ್ಲಿ ಅವರು ಏನು ಹೊಲಿಯುತ್ತಿದ್ದರು ಅಂತ ಕೇಳಿದ್ದು ಅವತ್ತೇ ಮೊದಲು.

"ಹಿಂಜೇಬು," ಅಂದರು. "ಹನ್ನೊಂದು ವರ್ಷ, ಬರೀ ಹಿಂಜೇಬು."

ಹನ್ನೊಂದು ವರ್ಷ ಚಿಕ್ಕಮ್ಮನ ಕೈ ಮಾಡಿದ ವಸ್ತುವಿನ ಚಿತ್ರ ನನ್ನ ಗೋಡೆ ಮೇಲಿತ್ತು. ಅದನ್ನು ನಾನು ಗುಲಾಬಿ ಹಿನ್ನೆಲೆಗೆ ಮ್ಯಾಚ್ ಆಗ್ತದೆ ಅಂತ ತಂದಿದ್ದೆ.

ಆ ರಾತ್ರಿ ನಿದ್ದೆ ಬರಲಿಲ್ಲ. 1964ರಲ್ಲಿ ವಾರ್ಹಾಲ್ ನ್ಯೂಯಾರ್ಕಿನಲ್ಲಿ ಬ್ರಿಲ್ಲೋ ಸೋಪಿನ ಡಬ್ಬಿಗಳನ್ನು ಮರದಲ್ಲಿ ಮಾಡಿ ಪೇರಿಸಿದಾಗ ಆರ್ಥರ್ ಡಾಂಟೊ ಎಂಬ ತತ್ವಶಾಸ್ತ್ರಜ್ಞ ಕೇಳಿದ ಪ್ರಶ್ನೆ ಪ್ರಸಿದ್ಧ: ಅಂಗಡಿಯಲ್ಲಿರೋ ಡಬ್ಬಿಗೂ ಇದಕ್ಕೂ ನೋಡೋಕೆ ವ್ಯತ್ಯಾಸ ಇಲ್ಲ, ಹಾಗಾದರೆ ಇದು ಕಲೆ, ಅದು ಬರೀ ಡಬ್ಬಿ, ಹೇಗೆ? ಈ ಪ್ರಶ್ನೆಯಷ್ಟು ಪ್ರಸಿದ್ಧವಲ್ಲದ ಸಂಗತಿ ಇನ್ನೊಂದಿದೆ. ಅಂಗಡಿಯ ಆ ಡಬ್ಬಿಯನ್ನು ವಿನ್ಯಾಸ ಮಾಡಿದವನಿಗೂ ಒಂದು ಹೆಸರಿತ್ತು. ಜೇಮ್ಸ್ ಹಾರ್ವಿ. ಆತನೂ ಚಿತ್ರಕಾರನೇ, ಹೊಟ್ಟೆಪಾಡಿಗೆ ಡಬ್ಬಿ ವಿನ್ಯಾಸ ಮಾಡುತ್ತಿದ್ದ. ದಿನಬಳಕೆಯ ವಸ್ತುವನ್ನು ಎತ್ತಿ ಹಿಡಿದ ಕಲೆ ಅದನ್ನು ಮಾಡಿದವನನ್ನು ಎತ್ತಿ ಹಿಡಿಯಲಿಲ್ಲ.

ಹಾಗಂತ ಪ್ರತಿ ವಸ್ತುವಿನ ಹಿಂದೆ ಒಂದು ಬೆವರಿನ ಕತೆ ಕಲ್ಪಿಸಿ ಕಣ್ಣೊರೆಸಿಕೊಂಡರೆ ಸಾಕೇ? ಅದೂ ಒಂದು ಮೋಸ. ವ್ಯಾನ್ ಗೋ ಬರೆದ ಹಳೇ ಬೂಟುಗಳ ಚಿತ್ರ ನೋಡಿ ಹೈಡೆಗರ್ 1930ರ ದಶಕದಲ್ಲಿ ಹೊಲದಲ್ಲಿ ದುಡಿಯುವ ರೈತ ಹೆಂಗಸಿನ ಇಡೀ ಬದುಕನ್ನೇ ಅದರಲ್ಲಿ ಕಂಡ. 1968ರಲ್ಲಿ ಮೇಯರ್ ಶಪಿರೊ ಎಂಬ ಕಲಾ ಇತಿಹಾಸಕಾರ, ಅವು ರೈತಳವಲ್ಲ, ವ್ಯಾನ್ ಗೋನ ಸ್ವಂತ ಬೂಟು ಅಂತ ವಾದಿಸಿದ. ಬೂಟು ಯಾರದೇ ಇರಲಿ, ಹೈಡೆಗರ್ ಆ ಹೆಂಗಸನ್ನು ಕೇಳಿ ಬರೆದದ್ದಲ್ಲ, ತಾನೇ ಸೃಷ್ಟಿಸಿ ಬೂಟಿನಲ್ಲಿ ನಿಲ್ಲಿಸಿದ್ದು.

ಬೆಳಿಗ್ಗೆ ನಾನೂ ಅದನ್ನೇ ಮಾಡಿದೆ. "ಚಿಕ್ಕಮ್ಮ, ಈ ಪ್ರಿಂಟ್ ತೆಗೆದುಬಿಡ್ತೀನಿ. ನಿಮ್ಮ ಕಷ್ಟಾನ ನಾನು ಶೋಕಿ ಮಾಡಿಕೊಂಡಂಗಾತು," ಅಂದೆ. ಅವರು ನಕ್ಕುಬಿಟ್ಟರು.

"ಕಷ್ಟ ಇತ್ತು, ಸುಳ್ಳಲ್ಲ. ಬೆನ್ನು ಹೋತು. ಆದ್ರ ಲೈನ್‌ನಾಗ ನನ್ನಷ್ಟು ನೆಟ್ಟಗ ಜೇಬು ಕೂಡಿಸೋರು ಯಾರೂ ಇರ್ಲಿಲ್ಲ. ಸೂಪರ್‌ವೈಸರ್ ಹೊಸಬ್ರಿಗೆ ನನ್ನ ಪೀಸ್ ತೋರಿಸ್ತಿದ್ದ. ಚಿತ್ರ ಚಂದ ಐತಿ, ಇರ್ಲಿ ಬಿಡು. ಬಾರ್‌ಟ್ಯಾಕ್ ಇಲ್ಲ ಅಂದೆ, ಅಷ್ಟ."

ಅವರಿಗೆ ಬೇಕಿದ್ದದ್ದು ನನ್ನ ಕನಿಕರ ಅಲ್ಲ. ತಪ್ಪು ಹೊಲಿಗೆ ಕಂಡುಹಿಡಿಯುವ ಅವರ ಕಣ್ಣನ್ನು ನಾನು ನಂಬಬೇಕಿತ್ತು, ಅಷ್ಟೇ. ನಾನು ಆ ಪ್ರಿಂಟನ್ನು ಎರಡು ತಿಂಗಳು ದಿನಾ ನೋಡಿದ್ದೆ. ಅವರು ಎರಡು ನಿಮಿಷ ನೋಡಿದ್ದರು.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಇದೆ. ನಾವು ಬಳಸೋ ಎಲ್ಲದರ ಹಿಂದಿನ ಕೈಗಳನ್ನು ಹುಡುಕಿಕೊಂಡು ಹೋಗೋಕಾಗುತ್ತಾ? ಆಗಲ್ಲ. ಹವಾಯಿ ಚಪ್ಪಲಿ ಯಾವುದೋ ಫ್ಯಾಕ್ಟರಿಯಲ್ಲಿ ರಬ್ಬರ್ ಹಾಳೆಯಿಂದ ಕತ್ತರಿಸಿದ್ದು, ಯಾರು ಮಾಡಿದರು ಅಂತ ಅವ್ವನಿಗೂ ಉತ್ತರ ಸಿಗಲಿಕ್ಕಿಲ್ಲ. ಗೊತ್ತಾಗಲು ಸಾಧ್ಯವೇ ಇಲ್ಲದ್ದಕ್ಕೆ ನಾವು ತಪ್ಪಿತಸ್ಥರಲ್ಲ. ಆದರೆ ಗೊತ್ತಾಗಲು ಸಾಧ್ಯವಿದ್ದು, ಪಕ್ಕದಲ್ಲೇ ಕೂತು ಉಂಡೂ, ಕೇಳದೇ ಉಳಿದದ್ದು ಬೇರೆ. ನನ್ನದು ಎರಡನೆಯದು.

ಅವ್ವನ ಮಾತನ್ನೂ ಪೂರ್ತಿ ಒಪ್ಪಲಾರೆ. ಚಪ್ಪಲಿ ಅಂದರೆ ಮುಖ ಸಿಂಡರಿಸುವ ನಮ್ಮ ಅಭ್ಯಾಸ ಧೂಳಿನಿಂದಷ್ಟೇ ಬಂದದ್ದಲ್ಲ. ಚಪ್ಪಲಿ ಹೊಲಿದವರನ್ನು ಊರ ಹೊರಗಿಟ್ಟ ನಾಡು ಇದು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಆದದ್ದಕ್ಕೆ ಕಲ್ಯಾಣದಲ್ಲಿ ರಕ್ತ ಹರಿಯಿತು ಅಂತ ಅವ್ವ ಹೇಳುವ ಕತೆಯಲ್ಲೇ ಇದೆ. ಅದಕ್ಕೇ ಇಲ್ಲಿ ಹಾಲ್‌ನಲ್ಲಿ ಚಪ್ಪಲಿ ಚಿತ್ರ ಹಾಕೋದು ನ್ಯೂಯಾರ್ಕಿನಲ್ಲಿ ಹಾಕಿದ್ದಕ್ಕಿಂತ ದೊಡ್ಡ ಮಾತು. ಆದರೆ ಆ ಮಾತು ನಾನು ಆಡಿರಲಿಲ್ಲ. ನಾನು ಬಣ್ಣ ನೋಡಿ ಕೊಂಡಿದ್ದೆ. ಅವ್ವನ ಎದುರು ಸಿಕ್ಕಿಬಿದ್ದಾಗ ಹರಳಯ್ಯನನ್ನು ಸಾಕ್ಷಿಗೆ ಕರೆದಿದ್ದೆ.

ನಮ್ಮ ತೆಕ್ಕಲಕೋಟೆಯ ಗುಡ್ಡಗಳಲ್ಲಿ ನವಶಿಲಾಯುಗದ ಜನ ಇದ್ದರು. 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಅಲ್ಲಿ ಉತ್ಖನನ ಮಾಡಿದರು. ಅಲ್ಲಿಯ ಬಂಡೆಗಳ ಮೇಲೆ ಎತ್ತುಗಳಿವೆ. ಚಿಕ್ಕಂದಿನಲ್ಲಿ ಅವನ್ನು ನೋಡಿ ಯಾರೋ ಕುರಿ ಕಾಯೋರು ಗೀಚಿದ್ದು ಅಂದುಕೊಂಡಿದ್ದೆ. ದಿನಾ ಕಣ್ಣೆದುರಿಗಿದ್ದದ್ದನ್ನು ಗೋಡೆಗೆ ಏರಿಸುವ ಆಸೆ ಹಾಗಾದರೆ ವಾರ್ಹಾಲ್‌ನದ್ದಲ್ಲ, ನಮ್ಮೂರಲ್ಲೂ ಇತ್ತು. ಆದರೆ ಆ ಎತ್ತನ್ನು ಬರೆದವರು ಅದಕ್ಕೆ ಮೇವು ಹಾಕಿದವರೇ ಇರಬೇಕು ಅನ್ನಿಸುತ್ತೆ.

ಊರಿಗೆ ಹೊರಡೋ ದಿನ ಚಿಕ್ಕಮ್ಮನ ಕೈಗೆ ಬಿಳಿ ಮಾರ್ಕರ್ ಕೊಟ್ಟೆ. ಅವರು ಮೊದಲು ಬೇಡ ಅಂದರು. ಆಮೇಲೆ ಕನ್ನಡಕ ಏರಿಸಿ, ಫ್ರೇಮಿನ ಗಾಜಿನ ಮೇಲೆ, ಜೇಬಿನ ಎರಡು ಮೂಲೆಗೆ ಎರಡು ಗಿಡ್ಡ ಗೆರೆ ಎಳೆದರು. ಒಂದು ಗೆರೆ ಸ್ವಲ್ಪ ಸೊಟ್ಟಗಾಯ್ತು ಅಂತ ಬೆರಳಿಂದ ಒರೆಸಿ ಮತ್ತೆ ಎಳೆದರು.

ಚಪ್ಪಲಿ ಪ್ರಿಂಟ್ ಸದ್ಯಕ್ಕೆ ಕೆಳಗಿಳಿಸಿ ಗೋಡೆಗೆ ಒರಗಿಸಿಟ್ಟಿದ್ದೀನಿ. ಅವ್ವನ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ.